ಕೇಳಿದ್ದಕ್ಕೆ ‘ಆಯ್ತು’ ಅಂದಳು

ಮಂಗಳವಾರ ಸಂಜೆ ಆರೂವರೆಗೆ ಲಿಫ್ಟ್ ಮೆಕ್ಯಾನಿಕ್ ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ಮಗಳನ್ನು ಒಂದೇ ಒಂದು ಪ್ರಶ್ನೆ ಕೇಳಿದ. ‘ಹೋಗ್ತೀಯಾ?’

ಮಗಳು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸದೆ, ಮುಖ ತಿರುಗಿಸದೆ ‘ಆಯ್ತು’ ಅಂದಳು.

ಇನ್ನೇನಾದರೂ ಬರುತ್ತದೇನೋ ಎಂದು ಅವನು ಅಲ್ಲೇ ಕಾದ. ಬರಲಿಲ್ಲ. ಮೂರು ಲೋಟ, ಎರಡು ತಟ್ಟೆ, ಒಂದು ಬಾಣಲೆ ತೊಳೆದಾದ ಮೇಲೆ ಅವಳು ಕೈ ಒರೆಸಿಕೊಂಡು, ಅವನ ಪಕ್ಕದಿಂದ ನುಸುಳಿ ತನ್ನ ಕೋಣೆ ಸೇರಿದಳು. ಬಾಗಿಲು ಮುಚ್ಚಿಕೊಂಡಾಗ ಸದ್ದೂ ಆಗಲಿಲ್ಲ. ಕೋಪದಿಂದ ಮುಚ್ಚಿದಳೋ, ಸಮಾಧಾನದಿಂದ ಮುಚ್ಚಿದಳೋ ತಿಳಿಯಲು ಕನಿಷ್ಠ ಒಂದು ಸದ್ದಾದರೂ ಇರಬೇಕಿತ್ತು. ಆದರೆ ಆ ಬಾಗಿಲಿಗೆ ಎಣ್ಣೆ ಬಿಟ್ಟವನು ಅವನೇ.

ಪ್ರಶ್ನೆ ಸಣ್ಣದು, ಅದರ ಹಿಂದಿನ ಸಂಗತಿ ಸಣ್ಣದಲ್ಲ. ಹದಿನಾರು ವರ್ಷದ ಮಗಳು ಗಣಿತಕ್ಕೆ ಹೆಸರಾದ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದಿದ್ದಳು. ಇದ್ದದ್ದು ನಲವತ್ತು ಸೀಟು, ಅವಳಿಗೆ ಬಂದದ್ದು ಹದಿನಾಲ್ಕನೇ ಸ್ಥಾನ. ಆ ಶಾಲೆಗೆ ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ. ಓದು ಎರಡು ವರ್ಷ. ಮನೆಗೆ ಬರಲು ಬಿಡುವುದು ವರ್ಷಕ್ಕೆ ಎರಡು ಸಲ. ಒಪ್ಪಿಗೆ ಇದ್ದರೆ ಶುಕ್ರವಾರ ಸಂಜೆ ನಾಲ್ಕರೊಳಗೆ ಅವಳು ಈಗ ಓದುತ್ತಿರುವ ಶಾಲೆಯ ಕಚೇರಿಯಲ್ಲಿ ವಿದ್ಯಾರ್ಥಿಯೂ ಪೋಷಕರಲ್ಲಿ ಒಬ್ಬರೂ ಸಹಿ ಹಾಕಬೇಕು, ತಪ್ಪಿದರೆ ಸೀಟು ನಲವತ್ತೊಂದನೆಯವರ ಪಾಲಾಗುತ್ತದೆ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಮಗಳನ್ನು ಕಳಿಸುವ ಮನಸ್ಸು ಮೆಕ್ಯಾನಿಕ್‌ಗೆ ಎಳ್ಳಷ್ಟೂ ಇರಲಿಲ್ಲ. ಇದನ್ನು ಅವನು ಹೆಂಡತಿಗೊಬ್ಬಳಿಗೆ ಹೇಳಿದ್ದ. ಮಗಳಿಗೆ ಹೇಳಿದರೆ ಅವಳ ಓದಿಗೆ ಅಡ್ಡಗಾಲು ಹಾಕಿದಂತಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವಳಿಗೆ ನಿಜಕ್ಕೂ ಇಷ್ಟವಿದ್ದರೆ ಹೋಗಲಿ. ಇಷ್ಟವಿಲ್ಲದೆ, ಅಪ್ಪ ಹೇಳಿದನೆಂದು ಹೋಗುವುದಾದರೆ ಮಾತ್ರ ಆ ಎರಡು ವರ್ಷ ಇಬ್ಬರಿಗೂ ದಂಡ. ಆದ್ದರಿಂದ ಶುಕ್ರವಾರದೊಳಗೆ ಅವನಿಗೆ ಬೇಕಾಗಿದ್ದದ್ದು ಅವಳ ಮನಸ್ಸಿನಲ್ಲಿ ಏನಿದೆ ಎಂಬ ಒಂದು ಸಾಲಿನ ಮಾಹಿತಿ. ಸಿಕ್ಕಿದ್ದು ‘ಆಯ್ತು.’

ಬೇರೆ ಯಾವ ಅಪ್ಪನಾದರೂ ಈ ಉತ್ತರಕ್ಕೆ ತೃಪ್ತಿಪಟ್ಟು ಟಿವಿ ಹಾಕಿಕೊಳ್ಳುತ್ತಿದ್ದ. ಆದರೆ ಇವನ ಕೆಲಸದಲ್ಲಿ ‘ಆಯ್ತು’ ನಿಷೇಧಿತ ಶಬ್ದ. ಹನ್ನೆರಡು ವರ್ಷಗಳ ಹಿಂದೆ ಐದಂತಸ್ತಿನ ಒಂದು ಕಟ್ಟಡದಲ್ಲಿ ಅವನು ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ಕುಳಿತಿದ್ದ. ಜೊತೆಗಾರ ಉದ್ದಣ್ಣ ತಾರಸಿಯ ಯಂತ್ರದ ಕೋಣೆಯಲ್ಲಿದ್ದ. ‘ಮೇನ್ ಆಫ್ ಮಾಡು’ ಎಂದು ಇವನು ವಾಕಿಟಾಕಿಯಲ್ಲಿ ಹೇಳಿದ. ‘ಆಯ್ತು’ ಎಂದು ಮೇಲಿನಿಂದ ಉತ್ತರ ಬಂತು. ಆಫ್ ಮಾಡಿ ಮುಗಿಸಿದೆ ಎಂದು ಇವನು ತಿಳಿದ. ಸರಿ, ಮಾಡುತ್ತೇನೆ ಎಂಬುದು ಉದ್ದಣ್ಣನ ಅರ್ಥ. ಅವನಿನ್ನೂ ಸ್ವಿಚ್ಚಿನ ಕಡೆ ನಾಲ್ಕು ಹೆಜ್ಜೆ ನಡೆಯಬೇಕಿತ್ತು. ಆ ನಾಲ್ಕು ಹೆಜ್ಜೆಯ ಅವಧಿಯಲ್ಲಿ ಕೆಳಗೆ ಯಾರೋ ಗುಂಡಿ ಒತ್ತಿದರು, ಬಾಗಿಲು ತೆರೆಯುವ ಮೋಟಾರು ತಿರುಗಿತು, ಅದರ ಬೆಲ್ಟಿನ ಮೇಲಿದ್ದ ಇವನ ಬಲಗೈಯ ಉಂಗುರದ ಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು.

ಅಂದಿನಿಂದ ಅವರ ತಂಡದಲ್ಲಿ ಯಾರೂ ‘ಆಯ್ತು’ ಅನ್ನುವ ಹಾಗಿಲ್ಲ. ‘ಕೇಳಿಸ್ತು, ಆಫ್ ಮಾಡ್ತೀನಿ’ ಅನ್ನಬೇಕು. ಮಾಡಿದ ಮೇಲೆ ‘ಆಫ್ ಮಾಡಿದೀನಿ’ ಅನ್ನಬೇಕು. ಕೇಳಿದವನು ಅದನ್ನು ಮತ್ತೊಮ್ಮೆ ಮರಳಿ ಹೇಳಬೇಕು. ಬಾಯಿತಪ್ಪಿ ‘ಆಯ್ತು’ ಅಂದವನು ಎಲ್ಲರಿಗೂ ಟೀ ಕೊಡಿಸಬೇಕು.

ಹಾಗಾಗಿ ಆ ರಾತ್ರಿ ಊಟದ ಹೊತ್ತಿಗೆ ಮೆಕ್ಯಾನಿಕ್ ಆ ಶಬ್ದವನ್ನು ಬಿಚ್ಚಿ, ಬಿಡಿಭಾಗಗಳನ್ನು ಹರಡಿಕೊಂಡು ಕುಳಿತ. ಒಂದು ವಿಷಯ ಅವನಿಗೆ ಆಗಲೇ ಹೊಳೆಯಿತು. ತಾನು ಕೇಳಿದ್ದು ಪ್ರಶ್ನೆ. ಪ್ರಶ್ನೆಗೆ ಉತ್ತರ ‘ಹೋಗ್ತೀನಿ’ ಅಥವಾ ‘ಹೋಗಲ್ಲ.’ ‘ಆಯ್ತು’ ಎಂಬುದು ಅಪ್ಪಣೆಗೆ ಕೊಡುವ ಉತ್ತರ. ಕಸ ಹಾಕಿ ಬಾ ಅಂದರೆ ಆಯ್ತು, ಫ್ಯಾನ್ ಆರಿಸು ಅಂದರೆ ಆಯ್ತು. ಹಾಗಾದರೆ ಅವಳಿಗೆ ಅದು ಪ್ರಶ್ನೆಯಾಗಿ ಕೇಳಿಸಲಿಲ್ಲವೇ? ನಲ್ಲಿಯ ಸದ್ದಿನಲ್ಲಿ ‘ಹೋಗ್ತೀಯಾ’ ಎಂಬುದರ ಕೊನೆಯ ದೀರ್ಘ ಕೊಚ್ಚಿಹೋಯಿತೇ? ಅಥವಾ ಕೇಳಿಸಿಯೂ ಬೇಕೆಂದೇ ಹಾಗೆಂದಳೇ? ತಟ್ಟೆಯಲ್ಲಿದ್ದದ್ದು ತಣ್ಣಗಾಯಿತು, ತಲೆಯೊಳಗೆ ಹೊಕ್ಕ ಹುಳ ಹೊರಗೆ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಒಂದು ವ್ಯವಸ್ಥೆ ಇತ್ತು. ಅಪ್ಪ ಅಮ್ಮನಿಗೆ ಹೇಳುವುದು, ಅಮ್ಮ ಮಗಳಿಗೆ ಹೇಳುವುದು, ಮಗಳು ಅಮ್ಮನಿಗೆ ಹೇಳುವುದು, ಅಮ್ಮ ಅದರಲ್ಲಿನ ಮುಳ್ಳು ಕಿತ್ತು ಅಪ್ಪನಿಗೆ ದಾಟಿಸುವುದು. ಆದರೆ ಐದು ವಾರದಿಂದ ಆ ಅಮ್ಮ ಊರಲ್ಲಿರಲಿಲ್ಲ. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು; ಆರೈಕೆಗೆಂದು ಅವಳು ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಮೆಕ್ಯಾನಿಕ್ ಮತ್ತು ಮಗಳು. ಹುಟ್ಟಿದಾಗ ಕಿವಿ ತೂತಾಗುವಷ್ಟು ಕೀರಲು ದನಿಯಲ್ಲಿ ಅಳುತ್ತಿದ್ದಳೆಂದು ಅವಳಿಗೆ ಮನೆಯಲ್ಲಿ ‘ಪಿಟೀಲು’ ಎಂದೇ ಹೆಸರು. ಆ ಪಿಟೀಲು ಈಗ ದಿನಕ್ಕೆ ಹತ್ತು ಮಾತು ನುಡಿದರೆ ಹೆಚ್ಚು.

ಬುಧವಾರ ಬೆಳಿಗ್ಗೆ ಆರಂತಸ್ತಿನ ಒಂದು ಕಚೇರಿ ಕಟ್ಟಡದಲ್ಲಿ ಕೆಲಸವಿತ್ತು. ಹಳಿಗಳಿಗೆ ಎಣ್ಣೆ, ಬ್ರೇಕಿನ ತಪಾಸಣೆ, ಮೂರನೇ ಅಂತಸ್ತಿನಲ್ಲಿ ಎರಡು ಬೆರಳಿನಷ್ಟು ಕೆಳಗೆ ನಿಲ್ಲುತ್ತಿದ್ದ ಡಬ್ಬಿಯ ರಿಪೇರಿ. ಹನ್ನೊಂದಕ್ಕೆ ಅವನೂ ಉದ್ದಣ್ಣನೂ ತಾರಸಿಯ ನೆರಳಲ್ಲಿ ಕುಳಿತಾಗ ಮೆಕ್ಯಾನಿಕ್ ವಿಷಯ ತೆಗೆದ. ಉದ್ದಣ್ಣನಿಗೆ ಮೂವರು ಮಕ್ಕಳು, ಮೂವರೂ ಹದಿಮೂರರಿಂದ ಹತ್ತೊಂಬತ್ತರ ನಡುವಿನವರು. ಈ ವಿಷಯದಲ್ಲಿ ಅವನ ಅನುಭವ ದೊಡ್ಡದು.

‘ನಮ್ಮನೇಲಿ ಆಯ್ತು ಅಂದ್ರೆ ಒಂದೇ ಅರ್ಥ,’ ಎಂದ ಉದ್ದಣ್ಣ. ‘ಇಲ್ಲಿಂದ ಹೊರಡು ಅಂತ.’

ನೇರವಾಗಿ ಕೇಳಿಬಿಡು ಎಂದು ಅವನು ಸಲಹೆ ಕೊಟ್ಟ. ನೇರವಾಗಿ ಕೇಳಿದ್ದಕ್ಕೇ ಈ ಉತ್ತರ ಬಂದದ್ದು ಎಂದ ಮೆಕ್ಯಾನಿಕ್. ಹಾಗಾದರೆ ಸುತ್ತಿ ಬಳಸಿ ಕೇಳು ಎಂದ ಉದ್ದಣ್ಣ. ಸುತ್ತಿ ಬಳಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಉದ್ದಣ್ಣ, ಹೋಗಲು ಇಷ್ಟವಿರುವ ಹುಡುಗಿ ಕುಣಿಯಬೇಕಿತ್ತಲ್ಲ, ಕುಣಿಯಲಿಲ್ಲ ಅಂದರೆ ಇಷ್ಟವಿಲ್ಲ ಎಂದು ತೀರ್ಪು ಕೊಟ್ಟ. ಮೆಕ್ಯಾನಿಕ್‌ಗೆ ಎದೆ ಹಗುರಾಯಿತು. ಎಣ್ಣೆಯ ಡಬ್ಬ ಎತ್ತಿಕೊಳ್ಳುತ್ತ ಉದ್ದಣ್ಣ, ಅಥವಾ ಅಪ್ಪನ ಮುಂದೆ ಕುಣಿಯಬಾರದು ಅಂತಲೂ ಇರಬಹುದು, ಹೆಣ್ಣುಮಕ್ಕಳು ಸೂಕ್ಷ್ಮ ನೋಡು, ಎಂದು ಇನ್ನೊಂದು ತೀರ್ಪು ಸೇರಿಸಿದ. ಹಗುರಾಗಿದ್ದು ಮತ್ತೆ ಭಾರವಾಯಿತು.

ಅದೇ ಸಂಜೆ ಐದಕ್ಕೆ ಶಾಲೆಯಲ್ಲಿ ಪೋಷಕರ ಸಭೆ. ‘ಮಕ್ಕಳೊಡನೆ ಮಾತು’ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಬೇರೆ ವರ್ಷಗಳಲ್ಲಾದರೆ ಇಂಥದಕ್ಕೆ ಹೋಗುತ್ತಿದ್ದವಳು ಹೆಂಡತಿ. ಈ ಸಲ ಇವನು ಹೋದ. ಮೂರನೇ ತರಗತಿಯ ಮಕ್ಕಳಿಗೆ ಮಾಡಿಸಿದ ಕುರ್ಚಿಗಳಲ್ಲಿ ಹತ್ತೊಂಬತ್ತು ತಾಯಂದಿರು, ನಾಲ್ವರು ತಂದೆಯರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತಿದ್ದರು. ಮಾತಾಡಲು ಬಂದಾಕೆ ಮಕ್ಕಳ ಸಮಾಲೋಚಕಿ. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೊದಲ ಸೂತ್ರ: ಮಗು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ, ಆಮೇಲೆ ಉತ್ತರಿಸಿ.

ಮೆಕ್ಯಾನಿಕ್ ಹಾಳೆಯ ಮೇಲೆ ಬಗ್ಗಿದ. ಇದು ತಮ್ಮ ತಂಡದ ನಿಯಮವೇ! ಬೆರಳು ಕಳೆದುಕೊಂಡು ಕಲಿತ ಪಾಠವನ್ನು ಯಾರೋ ಮಕ್ಕಳಿಗೂ ಅನ್ವಯಿಸಿದ್ದಾರೆ. ಬದುಕಿನಲ್ಲಿ ಮೊದಲ ಬಾರಿಗೆ ಶಾಲೆಯ ಕೋಣೆಯೊಂದರಲ್ಲಿ ಅವನಿಗೆ ಪಾಠ ಮುಂಚೆಯೇ ಗೊತ್ತಿತ್ತು.

ಹಿಂದಿನ ಸಾಲಿನಲ್ಲಿದ್ದ, ಬೇಕರಿ ನಡೆಸುವ ತಂದೆಯೊಬ್ಬ, ನಮ್ಮ ಮಗ ಬಾಯಿಬಿಟ್ಟರೆ ತಾನೇ ಮರಳಿ ಹೇಳುವುದು ಎಂದ. ನಗು ಎದ್ದಿತು. ನಗು ಇಳಿದ ಮೇಲೆ ಮೆಕ್ಯಾನಿಕ್ ಕೈ ಎತ್ತಿದ.

‘ಮೇಡಂ, ಮಗು ಆಯ್ತು ಅಂದ್ರೆ ಅದನ್ನ ಹೇಗೆ ಮರಳಿ ಹೇಳೋದು?’

ಸಮಾಲೋಚಕಿ ಯೋಚಿಸಿದರು. ‘ನಿನಗೆ ಒಪ್ಪಿಗೆ ಇದೆ ಅಂತ ನನಗೆ ಅನ್ನಿಸ್ತಿದೆ, ಅನ್ನಬಹುದು ಸರ್.’

‘ಒಪ್ಪಿಗೆ ಇದೆಯೋ ಇಲ್ವೋ ಗೊತ್ತಿಲ್ಲ ಅಂತಾನೇ ಕೇಳ್ತಿರೋದು.’

ಅದನ್ನೂ ಹಾಗೇ ಹೇಳಬಹುದು ಎಂದರು ಅವರು. ಯಾವುದನ್ನು ಎಂದು ಇವನಿಗೆ ಗೊತ್ತಾಗಲಿಲ್ಲ. ಸಭೆ ಮುಗಿದ ಮೇಲೆ ಬನ್ನಿ, ವಿವರವಾಗಿ ಮಾತಾಡೋಣ ಎಂದರು. ಮುಗಿದ ಮೇಲೆ ಅವರ ಮುಂದೆ ಎಂಟು ತಾಯಂದಿರು ಸಾಲು ನಿಂತಿದ್ದರು. ಮೆಕ್ಯಾನಿಕ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟ.

ಗುರುವಾರ ಬೆಳಿಗ್ಗೆ ಏಳಕ್ಕೆ ಅವನು ಪ್ರಯೋಗಕ್ಕಿಳಿದ.

‘ನಂಗೆ ಹಸಿವಿಲ್ಲ,’ ಎಂದಳು ಮಗಳು, ಬ್ಯಾಗಿಗೆ ಪುಸ್ತಕ ತುಂಬುತ್ತ.

‘ನಿನಗೆ ಹಸಿವಿಲ್ಲ ಅಂತ ನನಗೆ ಕೇಳಿಸ್ತು,’ ಎಂದ ಅಪ್ಪ.

ಮಗಳು ತಲೆ ಎತ್ತಿ ನೋಡಿದಳು. ‘ಹೌದು. ಅದೇ ಹೇಳಿದ್ದು.’

‘ಅದೇ ಹೇಳಿದ್ದು ಅಂತಿದೀಯ.’

‘ಅಪ್ಪ, ಬಸ್ಸಿಗೆ ಹೊತ್ತಾಗ್ತಿದೆ.’

‘ಬಸ್ಸಿಗೆ ಹೊತ್ತಾಗ್ತಿದೆ. ಕೇಳಿಸ್ತು.’

ಬ್ಯಾಗಿನ ಜಿಪ್ಪು ಅರ್ಧಕ್ಕೆ ನಿಂತಿತು. ‘ನೀನು ನನ್ನ ಅಣಕಿಸ್ತಾ ಇದೀಯಾ?’

ಇಲ್ಲವೆಂದು ಅವನು ಹೇಳುವ ಮೊದಲು ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಬೇರೆ. ‘ನಾನು ಅಣಕಿಸ್ತಾ ಇದೀನಿ ಅಂತ ನಿನಗೆ ಅನ್ನಿಸ್ತಿದೆ.’

ಮಗಳ ಮೂಗಿನ ತುದಿ ಕೆಂಪಾಯಿತು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ ಸದ್ದು ಕೆಳಗಿನವರೆಗೂ ಕೇಳಿಸಿತು. ಮೆಕ್ಯಾನಿಕ್ ಜೇಬಿನಿಂದ ಹಾಳೆ ತೆಗೆದು ಸೂತ್ರವನ್ನು ಮತ್ತೊಮ್ಮೆ ಓದಿದ. ತಪ್ಪು ಎಲ್ಲಾಯಿತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಲಿಫ್ಟಿನ ನೆತ್ತಿಯ ಮೇಲೆ ಜೀವ ಉಳಿಸುವ ಪದ್ಧತಿ ಅಡುಗೆಮನೆಯಲ್ಲಿ ಅಣಕ ಹೇಗಾಯಿತು?

ಮಧ್ಯಾಹ್ನ ಒಂದಕ್ಕೆ ಹೆಂಡತಿಯ ಫೋನು ಬಂತು. ಹಲೋ ಎನ್ನುವ ಮೊದಲೇ ನಗುತ್ತಿದ್ದಳು.

‘ಬೆಳಿಗ್ಗೆ ಏಳೂಕಾಲಿಗೇ ನಿಮ್ಮ ಮಗಳು ಫೋನ್ ಮಾಡಿದ್ಲು. ಅಪ್ಪಂಗೆ ಕೆಲಸದಲ್ಲಿ ತಲೆಗೇನಾದ್ರೂ ಪೆಟ್ಟು ಬಿತ್ತಾ ಅಂತ ಕೇಳಿದ್ಲು.’

ಮೆಕ್ಯಾನಿಕ್ ನಗಲಿಲ್ಲ. ಮಂಗಳವಾರದಿಂದ ನಡೆದದ್ದನ್ನು ವರದಿ ಒಪ್ಪಿಸುವ ಹಾಗೆ ಅನುಕ್ರಮವಾಗಿ ಹೇಳಿದ. ಕೊನೆಗೆ, ಅವಳ ಮನಸ್ಸಿನಲ್ಲಿ ಏನಿದೆ ನಿನಗೆ ಗೊತ್ತೇ ಎಂದು ಕೇಳಿದ. ಗೊತ್ತು ಎಂದಳು ಹೆಂಡತಿ. ಹೇಳು ಎಂದ. ಹೇಳುವುದಿಲ್ಲ ಎಂದಳು.

‘ಹದಿನಾರು ವರ್ಷ ನಿಮ್ಮಿಬ್ಬರ ಮಧ್ಯೆ ದುಭಾಷಿ ಕೆಲಸ ಮಾಡಿದೀನಿ ರೀ. ನಿಮ್ಮದೂ ಗೊತ್ತು, ಅವಳದೂ ಗೊತ್ತು. ನಾಳೆ ಅವಳು ಅಲ್ಲಿಗೆ ಹೋದ್ರೂ, ಇಲ್ಲೇ ಇದ್ರೂ, ಮಾತಾಡಬೇಕಾದವರು ನೀವೇ. ಈ ಸಲ ನಾನು ಬಾಯಿ ಬಿಡಲ್ಲ.’

ಹಾಗಂತ ಅವಳಿಗೆ ಗಾಬರಿಯಿಲ್ಲವೆಂದಲ್ಲ. ಫೋನಿಡುವ ಮೊದಲು, ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆಯೇ, ಮೂರಕ್ಕೆ ಮುಂಚೆ ಶಾಲೆಯಲ್ಲಿರಿ ಎಂದು ಎರಡು ಸಲ ಹೇಳಿದಳು. ಯಾತಕ್ಕೆ, ಸಹಿ ಹಾಕುವುದಕ್ಕೋ ಹಾಕದಿರುವುದಕ್ಕೋ ಎಂದು ಇವನು ಕೇಳಿದಾಗ ಫೋನು ಕಟ್ಟಾಗಿತ್ತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಎರಡೂ ಐವತ್ತಕ್ಕೆ ಅವನು ಶಾಲೆಯ ಕಚೇರಿ ತಲುಪಿದ. ಮಗಳು ಅದಾಗಲೇ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಕಿಟಕಿಯ ಗಾಜಿಗೆ ‘ಮೂರೂವರೆಗೆ ಬರುತ್ತೇನೆ’ ಎಂಬ ಗುಮಾಸ್ತನ ಚೀಟಿ ಅಂಟಿತ್ತು. ಉದ್ದನೆಯ ಓಣಿ, ಒಂದು ಬದಿಗೆ ಮುಚ್ಚಿದ ತರಗತಿಗಳು, ಎದುರಿಗೆ ಕಳೆದುಹೋದ ವಸ್ತುಗಳ ಪಟ್ಟಿಯಿದ್ದ ಫಲಕ. ಅವನು ಅವಳ ಪಕ್ಕ ಒಂದು ಆಳು ಕೂರುವಷ್ಟು ಜಾಗ ಬಿಟ್ಟು ಕುಳಿತ. ಆ ಜಾಗದಲ್ಲಿ ಕೂರಬೇಕಾದವಳು ಊರಲ್ಲಿರಲಿಲ್ಲ.

ಸುತ್ತಿ ಬಳಸಿ ಕೇಳು ಎಂಬ ಉದ್ದಣ್ಣನ ಮಾತು ನೆನಪಾಗಿ, ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಎಷ್ಟು ಜನ ಎಂದು ಕೇಳಿದ. ನಾಲ್ಕು ಎಂದಳು. ಮಂಚ ಮೇಲೂ ಕೆಳಗೂ ಇರುತ್ತದೆಯೇ ಎಂದ. ಹೌದು ಎಂದಳು. ಸುತ್ತುವುದು ಅಲ್ಲಿಗೆ ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಒಂದು ನಿಮಿಷ.

ಮೂರೂ ಹತ್ತರ ಹೊತ್ತಿಗೆ ಮಗಳು ಫಲಕದ ಮೇಲಿನ ಕಣ್ಣು ಕೀಳದೆ ಮಾತಾಡಿದಳು.

‘ಒಂದು ಕೇಳ್ಲಾ? ನಾನು ಮನೇಲಿದ್ರೆ ನಿಂಗೆ ಕಷ್ಟನಾ?’

ಮೆಕ್ಯಾನಿಕ್ ಕಣ್ಣು ಕಣ್ಣು ಬಿಟ್ಟ. ‘ಯಾರು ಹೇಳಿದ್ದು ಹಾಗಂತ?’

‘ಯಾರೂ ಹೇಳ್ಲಿಲ್ಲ. ಫಲಿತಾಂಶ ಬಂದು ಎರಡೇ ದಿನಕ್ಕೆ ಅಟ್ಟದಿಂದ ಟ್ರಂಕ್ ಇಳಿಸಿ ಬಣ್ಣ ಹೊಡೆದೆ. ಅದೂ ಎರಡು ಸಲ. ಬೀಗಕ್ಕೆ ಗ್ರೀಸ್ ಹಚ್ಚಿದೆ. ರೈಲಿನ ಟೈಮ್ ಬರ್ಕೊಂಡು ಬಂದು ಫ್ರಿಜ್ಜಿಗೆ ಅಂಟಿಸಿದೆ. ಅಷ್ಟೆಲ್ಲ ಮಾಡಿ ಆಮೇಲೆ ಬಂದು ಹೋಗ್ತೀಯಾ ಅಂದ್ರೆ, ನಾನೇನು ಹೇಳ್ಲಿ? ಆಯ್ತು ಅಂದೆ.’

ಎಲ್ಲವೂ ನಿಜ. ಒಂದೂ ಸುಳ್ಳಲ್ಲ. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕುಳಿತು ಅವನು ಟ್ರಂಕಿನ ತುಕ್ಕು ಕೆರೆದಿದ್ದ, ನೀಲಿ ಬಣ್ಣ ಹೊಡೆದಿದ್ದ, ಒಣಗಿದ ಮೇಲೆ ಇನ್ನೊಂದು ಕೈ ಹೊಡೆದಿದ್ದ. ಹೊಡೆಯುತ್ತಿದ್ದಷ್ಟು ಹೊತ್ತೂ ಅವಳನ್ನು ಕಳಿಸಬೇಕಲ್ಲ ಎಂಬ ಸಂಕಟವಿತ್ತು. ಆ ಸಂಕಟ ಮಗಳಿಗೆ ಕಾಣಬಾರದೆಂದೇ ಅಷ್ಟು ಹುರುಪಿನಿಂದ ಕುಂಚ ಆಡಿಸಿದ್ದ. ಕಾಣಲಿಲ್ಲ, ಸರಿ. ಆದರೆ ಅದರ ಜಾಗದಲ್ಲಿ ಅವಳಿಗೆ ಕಂಡದ್ದು ಇದೇ?

ನೀನು ಹೋಗುವುದಕ್ಕೆ ಅಪ್ಪ ಅಡ್ಡ ಬರುತ್ತಾನೆ ಅಂತ ನಿನಗೆ ಅನ್ನಿಸಬಾರದು, ಅದಕ್ಕೇ ಬಣ್ಣ ಹೊಡೆದದ್ದು ಎಂದು ಅವನು ತಡವರಿಸುತ್ತ ಹೇಳಿದ. ಹೇಳುತ್ತಿರುವಾಗಲೇ ಇನ್ನೊಂದು ವಿಷಯ ಅವನ ತಲೆಗೆ ಹೊಳೆಯಿತು. ಹಾಗಾದರೆ ಅವಳು ‘ಆಯ್ತು’ ಅಂದದ್ದು ಅಪ್ಪ ತಳ್ಳುತ್ತಿದ್ದಾನೆಂದು. ಅಂದರೆ ಅವಳಿಗೆ ಇಷ್ಟವಿಲ್ಲ! ನಾಲ್ಕು ದಿನದ ಗಂಟು ಒಂದೇ ಏಟಿಗೆ ಬಿಚ್ಚಿಕೊಂಡಂತಾಗಿ, ಅವನು ಎದ್ದು ನಿಂತೇಬಿಟ್ಟ.

‘ಏಳು, ಮನೆಗೆ ಹೋಗೋಣ.’

‘ಯಾಕೆ?’

‘ನಿಂಗೆ ಇಷ್ಟ ಇಲ್ಲ ಅಂದ್ಮೇಲೆ ಇಲ್ಲೇನು ಕೆಲಸ?’

‘ನಂಗೆ ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?’ ಎಂದಳು ಮಗಳು. ‘ಕೂತ್ಕೋ ಅಪ್ಪ. ನಂಗೆ ಹೋಗೋಕೆ ಇಷ್ಟ ಇದೆ. ಪರೀಕ್ಷೆ ಬರೆಯೋಕೆ ಮುಂಚಿಂದಾನೂ ಇದೆ.’

ಮೆಕ್ಯಾನಿಕ್ ಕುಳಿತ. ಈ ಸಲ ಕುಳಿತದ್ದು ಅವಳಿಗೆ ಸ್ವಲ್ಪ ಹತ್ತಿರವಾಗಿ. ಲೆಕ್ಕ ಮಾಡಿ ಕುಳಿತದ್ದಲ್ಲ. ಅವನಿಗೆ ಬೇಕಾಗಿದ್ದ ಒಂದು ಸಾಲಿನ ಮಾಹಿತಿ ಕೊನೆಗೂ ಸಿಕ್ಕಿತ್ತು. ಸ್ಪಷ್ಟವಾಗಿ, ಎರಡರ್ಥಕ್ಕೆ ಎಡೆಯಿಲ್ಲದ ಹಾಗೆ ಸಿಕ್ಕಿತ್ತು. ಸಿಕ್ಕಿದ ಮೇಲೆ ತಲೆ ತಿಳಿಯಾಗಬೇಕಿತ್ತು. ಇನ್ನಷ್ಟು ಕಲಕಿತು.

‘ಇಷ್ಟ ಇದ್ದಿದ್ರೆ ಇಷ್ಟು ದಿನ ಮುಖ ಊದಿಸ್ಕೊಂಡು ಓಡಾಡಿದ್ದು ಯಾಕೆ?’

‘ನಿಂಗೆ ಬೇಜಾರಾಗ್ಲಿಲ್ವಲ್ಲ, ಅದಕ್ಕೆ.’

ಅವನು ಇದನ್ನು ಮನಸ್ಸಿನಲ್ಲೇ ಎರಡು ಸಲ ತಿರುಗಿಸಿ ನೋಡಿದ. ಹೋಗಲು ಇಷ್ಟ. ಕಳಿಸಲು ಅಪ್ಪ ತಯಾರು. ಹಾಗಿದ್ದರೆ ಅದರಲ್ಲಿ ಬೇಜಾರಿಗೆ ಜಾಗ ಎಲ್ಲಿ? ತನಗೆ ಬೇಜಾರಾಗಿದೆ ಎಂದು ಹೇಳಿದ್ದರೆ ಅವಳು ಸಂತೋಷವಾಗಿರುತ್ತಿದ್ದಳೇ? ಇದು ಯಾವ ಊರಿನ ನ್ಯಾಯ?

ಅವನಿಗೆ ಹೇಳಲು ತೋಚಿದ್ದು ತನ್ನ ಹಳೆಯ ಕತೆ ಒಂದೇ. ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಎಂದೂ ಹೇಳಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಅವನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಕಲಿಯಲು ಕರೆ ಬಂದಿತ್ತು. ಅಪ್ಪ ಪತ್ರ ಓದಿ, ಮಡಿಸಿ ವಾಪಸು ಕೊಟ್ಟು, ಬೇಡ ಎಂದರು. ಅಷ್ಟೇ, ಎರಡನೇ ಮಾತಿಲ್ಲ. ಇವನು ಹೋಗಲಿಲ್ಲ. ಯಾಕೆ ಬೇಡ ಎಂದು ಕೇಳಲೂ ಇಲ್ಲ. ಮುಂದೆ ಹನ್ನೊಂದು ವರ್ಷ, ಅಪ್ಪ ತೀರಿಕೊಳ್ಳುವವರೆಗೂ, ಇಬ್ಬರೂ ಹಡಗು ಎಂಬ ಶಬ್ದವನ್ನೇ ಬಳಸಲಿಲ್ಲ.

‘ಒಂದು ಮಾತಿಗೆ ಅಷ್ಟು ತೂಕ ಇರುತ್ತೆ,’ ಎಂದ. ‘ಅದಕ್ಕೇ ನಾನು ಆ ಮಾತು ಆಡ್ಲಿಲ್ಲ.’

ಮಗಳು ಮೊದಲ ಬಾರಿಗೆ ಫಲಕ ಬಿಟ್ಟು ಅವನ ಕಡೆ ತಿರುಗಿದಳು. ಹಡಗಿನ ಬಗ್ಗೆ ಕೇಳುತ್ತಾಳೆಂದು ಅವನು ಕಾದ. ಅವಳು ಕೇಳಲಿಲ್ಲ.

‘ನಾನು ನೀನಲ್ವಲ್ಲ ಅಪ್ಪ. ನೀನು ಬೇಡ ಅಂದ್ರೂ ನಾನು ಹೋಗ್ತೀನಿ. ಅದಕ್ಕೇ ಹೇಳ್ತಿರೋದು. ಒಂದೇ ಒಂದು ಸಲ ಬೇಡ ಅನ್ನು.’

‘ಹೋಗೋದು ಖಂಡಿತ ಅಂದ್ಮೇಲೆ ನಾನು ಬೇಡ ಅಂದು ಏನು ಪ್ರಯೋಜನ?’

‘ಪ್ರಯೋಜನ ಏನಿಲ್ಲ.’

‘ಮತ್ತೆ?’

‘ಮತ್ತೇನಿಲ್ಲ. ಅನ್ನು.’

ಇಪ್ಪತ್ತಾರು ವರ್ಷದ ಕೆಲಸದಲ್ಲಿ ಯಾರೂ ಪಾಲಿಸಲಾಗದ ಸೂಚನೆಯನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಪಾಲಿಸುವುದಿಲ್ಲ ಎಂದು ಮೊದಲೇ ಹೇಳಿ, ಆದರೂ ಆ ಸೂಚನೆ ಕೊಡಿ ಎಂದು ಯಾರೂ ಅವನನ್ನು ಕೇಳಿಕೊಂಡಿರಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಕೀಲಿಗೊಂಚಲು ಕುಣಿಸುತ್ತ ಗುಮಾಸ್ತ ಬಂದ, ಕಿಟಕಿಯ ಚೀಟಿ ಕಿತ್ತ, ಒಳಗೆ ಹೋಗಿ ಗಾಜು ಸರಿಸಿದ. ಮೂರೂ ಮೂವತ್ತೆಂಟು.

ಗುಮಾಸ್ತ ಪತ್ರ ಪರಿಶೀಲಿಸಿದ, ಪಟ್ಟಿಯಲ್ಲಿ ಹದಿನಾಲ್ಕನೇ ಸಾಲಿನ ಕೆಳಗೆ ಗೆರೆ ಎಳೆದ, ಫಾರಂ ಮುಂದೆ ತಳ್ಳಿದ. ಮೊದಲು ವಿದ್ಯಾರ್ಥಿ, ಆಮೇಲೆ ಪೋಷಕರು ಎಂದ. ಮಗಳು ನಿಂತಲ್ಲೇ ಬಗ್ಗಿ, ಅಕ್ಷರ ಒಂದಕ್ಕೊಂದು ತಾಗದ ಹಾಗೆ ಸಹಿ ಹಾಕಿ, ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.

ಮೆಕ್ಯಾನಿಕ್ ಪೆನ್ನು ಹಿಡಿದುಕೊಂಡ. ಸಹಿಯ ಗೆರೆ ಇಲ್ಲೇ ಬೆರಳ ತುದಿಯಲ್ಲಿತ್ತು. ಪೆನ್ನನ್ನು ಅದರ ಮೇಲೆ ಇಟ್ಟ, ಎತ್ತಿದ, ಮಗಳ ಕಡೆ ನೋಡಿದ.

‘ಹೋಗಬೇಡ,’ ಎಂದ.

ಗುಮಾಸ್ತ ತಲೆ ಎತ್ತಿದ. ‘ಏನ್ ಸರ್, ಬೇಡ್ವಾ? ಬೇಡ ಅಂದ್ರೆ ಈ ಫಾರಂ ಅಲ್ಲ, ಅದಕ್ಕೆ ಬೇರೆ ಇದೆ.’

‘ಇದೇ ಫಾರಂ ಸರ್,’ ಎಂದಳು ಮಗಳು. ‘ನಾನು ಹೋಗ್ತೀನಿ. ಅಪ್ಪ ಸುಮ್ನೆ ಹೇಳ್ತಿದಾರೆ.’

‘ಸುಮ್ನೆ ಅಲ್ಲ,’ ಎಂದ ಮೆಕ್ಯಾನಿಕ್. ‘ನಿಜವಾಗ್ಲೂ ನಂಗೆ ಇಷ್ಟ ಇಲ್ಲ. ಮೊದಲ ದಿನದಿಂದಾನೂ ಇಲ್ಲ.’ ಹೇಳುತ್ತ ಹೇಳುತ್ತಲೇ ಬಗ್ಗಿ, ಗೆರೆಯ ಮೇಲೆ ಸಹಿ ಹಾಕಿದ.

ಗುಮಾಸ್ತ ಸಹಿಯನ್ನು ನೋಡಿದ. ಸಹಿ ಹಾಕಿದವನ ಮುಖ ನೋಡಿದ. ಪಕ್ಕದಲ್ಲಿ ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ, ಅಳುವಿಗೂ ನಗುವಿಗೂ ನಡುವೆ ಎಲ್ಲೋ ಇದ್ದ ಹುಡುಗಿಯನ್ನು ನೋಡಿದ.

‘ಸರ್, ನಂಗೆ ಅರ್ಥ ಆಗ್ಲಿಲ್ಲ,’ ಎಂದ.

‘ನಂಗೂ ಆಗಿಲ್ಲ,’ ಎಂದ ಮೆಕ್ಯಾನಿಕ್.

ಮಗಳು ಅವನ ಬೆರಳುಗಳ ನಡುವಿನಿಂದ ಪೆನ್ನು ಬಿಡಿಸಿಕೊಂಡಳು. ಸಹಿಯ ಕೆಳಗೆ ಅವನು ತುಂಬದೆ ಬಿಟ್ಟಿದ್ದ ತಾರೀಖನ್ನು ತಾನೇ ಬರೆದು, ಫಾರಂ ಅನ್ನು ಗಾಜಿನೊಳಕ್ಕೆ ತಳ್ಳಿದಳು.